ಮಾರು

ಶಿವಡಿಯಲ್ಲಿ ಇಳಿದ ದಿನ ಯಾರೋ ಅಂದರು,
ಬಾಂಗ್ಡಿಯಲ್ಲಿ ಕೆಲಸ ಖಾಲಿ ಇದೆ ಅಂತ.
ಕಾಪುವಿನ ಹುಡುಗ ನಾನು. ಕೇಳಿಸಿದ್ದು, ಬಂಗುಡೆ.
ಮೀನಿನ ಕೆಲಸ ತಾನೆ, ಹುಟ್ಟಿನಿಂದ ಗೊತ್ತು ಎಂದು
ಬುಟ್ಟಿ ಹೊರಲು ತಲೆಗೆ ಬೈರಾಸು ಸುತ್ತಿ ಹೋದರೆ
ಮೀನಿಲ್ಲ, ಮಂಜುಗಡ್ಡೆಯಿಲ್ಲ.
ಕಾಂಕ್ರೀಟಿನ ದೊಡ್ಡದೊಂದು ಬಳೆ
ಉಪ್ಪಿನಗದ್ದೆಯ ಪಕ್ಕ ಬಿದ್ದಿತ್ತು,
ಯಾರ ಕೈಯಿಂದ ಜಾರಿದ್ದೋ.

ಅದರ ಓರೆ ಗೋಡೆಯ ಮೇಲೆ ಸೈಕಲ್ಲುಗಳು,
ಬ್ರೇಕಿಲ್ಲದವು.
ನಿಂತವನು ಸತ್ತ, ತುಳಿದವನಿಗೆ ಚಹಾ
ಅನ್ನುತ್ತಿದ್ದ ಮೆಕ್ಯಾನಿಕ್ ಫಿರೋಝ್‌ಶಾ.
ಭಾನುವಾರದ ರೇಸಿಗೆ ಪಾವ್ ಹಂಚುವವರು, ತಾರು ಹಂಚುವವರು,
ಗಿರಣಿಯ ಮೂರನೇ ಪಾಳಿ ಮುಗಿಸಿ
ಹುಬ್ಬಿನ ಮೇಲೆ ಹತ್ತಿಯ ನಾರು ಅಂಟಿಸಿಕೊಂಡೇ ಬಂದವರು.

ಕೊನೆಯ ಸುತ್ತಿಗೆ ಗಂಟೆ ಬಾರಿಸುವುದು ನನ್ನ ಕೆಲಸ.
ದಾರೂಖಾನೆಯಲ್ಲಿ ಒಡೆದ ಯಾವುದೋ ಹಡಗಿನ ಗಂಟೆ,
ಮೈಮೇಲೆ ಒದ್ದೆ ಮರಳಲ್ಲಿ ಏಡಿ ನಡೆದಂಥ ಅಕ್ಷರ.
ಓದಬಲ್ಲವರಿಲ್ಲ. ದೇವರ ಹೆಸರಿದ್ದರೂ ಇರಬಹುದೆಂದು
ತಾರಿನ ಘಾಡಿಗಾಂವ್ಕರ್ ರೇಸಿಗೆ ಮುಂಚೆ ಊದುಕಡ್ಡಿ ಹಚ್ಚುತ್ತಿದ್ದ.
ಆದರೂ ಮೂರನೆಯವನಾಗಿಯೇ ಬರುತ್ತಿದ್ದ.

ಎಪ್ಪತ್ತನಾಲ್ಕರಲ್ಲಿ ಜಪಾನಿನ ಸವಾರನೊಬ್ಬ ಬಂದ, ಹೊರಿಗುಚಿ.
ನಮ್ಮವರನ್ನೆಲ್ಲ ಅರ್ಧ ಸುತ್ತು ಹಿಂದೆ ಹಾಕಿ
ಬೆವರು ಒರೆಸುತ್ತ ಗಂಟೆಯ ಬಳಿ ನಿಂತ.
ಸವೆದವನ್ನು ಬೆರಳಲ್ಲಿ ದಾಟಿ
ಕೊನೆಯ ಅಕ್ಷರ ಮುಟ್ಟಿ ಅಂದ: ಮಾರು.

ನನಗೆ ನಗು. ಗಂಟೆಗೆ ಕನ್ನಡ ಬರುತ್ತದಲ್ಲ!
ಎರಡೂ ಕೈ ಚಾಚಿ ತೋರಿಸಿದೆ:
ನಮ್ಮಲ್ಲಿ ಇದು ಮಾರು, ಕಡಲಿನ ಆಳಕ್ಕೆ, ಬಲೆಯ ಹಗ್ಗಕ್ಕೆ.
ಅವನು ತಲೆಯಾಡಿಸಿ
ಗಾಳಿಯಲ್ಲಿ ಒಂದು ದುಂಡಗೆ ಬರೆದ, ಟ್ರ್ಯಾಕ್ ತೋರಿಸಿದ,
ಮತ್ತೆ ದುಂಡಗೆ.
ಆಮೇಲೆ ತನ್ನೂರಿನ ಮೈದಾನವನ್ನು
ಕೈಯಲ್ಲೇ ಕಟ್ಟಿ, ಕೈಯಲ್ಲೇ ಕೆಡವಿ
ಬರಿದಾದ ಎರಡು ಅಂಗೈ ನನ್ನೆದುರು ಹಿಡಿದ.
ಹಸಿವು ಎಂದುಕೊಂಡೆ.
ಓಡಿಹೋಗಿ ಉಸಳ್ ಪಾವ್ ತಂದುಕೊಟ್ಟೆ.
ತಿಂದ, ಪಾಪ.

ಎಂಬತ್ತೆರಡರಲ್ಲಿ ಗಿರಣಿಗಳು ನಿಂತವು.
ನಡುವಿನ ಹುಲ್ಲಿನಲ್ಲಿ ಖಿಚಡಿಯ ಹಂಡೆ.
ಊಟಕ್ಕೂ ಅದೇ ಗಂಟೆ ಬಾರಿಸಿದೆ.
ಆ ಸದ್ದಿಗೆ ಪ್ರಾಣ ಬಿಟ್ಟು ತುಳಿಯುತ್ತಿದ್ದವರು
ನಿಧಾನ ನಡೆದು ಬಂದರು, ಬೇರೆಲ್ಲಿಗೋ ಹೊರಟವರ ಹಾಗೆ.
ತಟ್ಟೆ ಹಿಡಿದ ಘಾಡಿಗಾಂವ್ಕರನ ತಮ್ಮ
ನನ್ನ ಮುಖ ನೋಡಲಿಲ್ಲ.

ಆಮೇಲೆ ಮದುವೆಗೆ ಬಾಡಿಗೆ. ಆಮೇಲೆ ಬೀಗ.
ಟ್ರಸ್ಟಿನವರ ಸಭೆ ಗುಜರಾತಿಯಲ್ಲಿ, ಮರಾಠಿಯಲ್ಲಿ,
ದುಡ್ಡಿನ ಮಾತು ಬಂದಾಗ ಇಂಗ್ಲಿಷಿನಲ್ಲಿ.
ಬಾಗಿಲಾಚೆ ಚಹಾ ಹಿಡಿದು ನಿಂತ ನನಗೆ
ಕೇಳಿಸಿದ್ದು ಒಂದೇ ಶಬ್ದ, ಅಚ್ಚ ಕನ್ನಡ.
ಇಷ್ಟು ವರ್ಷ ಅದನ್ನು ನಾನೇ ಬಾರಿಸಿದ್ದೆ.

ಕೆಡವಲು ಒಂಬತ್ತು ದಿನ ಹಿಡಿಯಿತು.
ಪೂರ್ವದ ತಿರುವು ಮಾತ್ರ ಬಗ್ಗಲಿಲ್ಲ. ಬಗ್ಗಿದಾಗ
ಕಾಂಕ್ರೀಟಿನ ಹೊಟ್ಟೆಯಿಂದ ಮರದ ಬಾಬಿನ್ನುಗಳು ಉದುರಿದವು,
ಕಟ್ಟಿದವರು ಜಲ್ಲಿ ಸಾಲದೆ ಹಾಕಿದ್ದೋ,
ಗುರುತಿಗೆ ಇಟ್ಟದ್ದೋ.
ಗಂಟೆ ತೂಕಕ್ಕೆ ಹೋಯಿತು, ಮತ್ತೆ ದಾರೂಖಾನೆಗೇ.
ಹನ್ನೊಂದು ಕಿಲೋ ಇನ್ನೂರು ಗ್ರಾಂ.
ಗುಜರಿಯವನು ಇನ್ನೂರನ್ನು ಬಿಟ್ಟು ಲೆಕ್ಕ ಹಾಕಿದ.

ಈಗಲ್ಲಿ ನಲವತ್ತೆರಡು ಮಹಡಿ.
ಮೊಮ್ಮಗಳು ಹತ್ತೊಂಬತ್ತನೆಯದರಲ್ಲಿ ಯಾರದೋ ಮಗುವಿಗೆ
ಗಣಿತ ಹೇಳಿಕೊಡುತ್ತಾಳೆ. ನಾನು ಗೇಟಿನಲ್ಲಿ ಕಾಯುತ್ತೇನೆ.
ಕಾರುಗಳು ನೆಲಮಾಳಿಗೆಗೆ ಸುತ್ತಿ ಇಳಿಯುತ್ತವೆ
ಎಡಕ್ಕೇ ತಿರುಗುತ್ತ, ನಮ್ಮವರ ಹಾಗೆ,
ಆದರೆ ಬ್ರೇಕ್ ಒತ್ತುತ್ತ.

ಎಷ್ಟು ದೊಡ್ಡದಿತ್ತು ಕಾಕಾ, ಕೇಳಿದ
ಬಿಹಾರದ ವಾಚ್‌ಮನ್ ಹುಡುಗ.
ಎರಡೂ ಕೈ ಚಾಚಿದೆ.
ಚಾಚಿಕೊಂಡೇ ನಿಂತೆ, ಎಲ್ಲಿಂದ ಎಣಿಸಲಿ ಎಂದು.
ಗಾಡಿ ಬಂತು, ಸ್ವಲ್ಪ ಸರಿಯಿರಿ ಅಂದ.